ವಾರಕ್ಕೆ 20 ರೂಪಾಯಿ, ಕೈಯಿಂದ ಕೈಗೆ: ನಮ್ಮ ಸಭೆಯಲ್ಲಿ ನನ್ನ ಅನುಭವ

ಮೊನ್ನೆ ಬೇರೆ ಚರ್ಚಿನ ಸಭೆಯ ಸ್ಟುವರ್ಡ್ (ಅಂದರೆ ಸಭೆಯ ವ್ಯವಹಾರ ನೋಡಿಕೊಳ್ಳುವವರು) ಒಬ್ಬರು ಫೋನ್ ಮಾಡಿ, "ನಿಮ್ಮಲ್ಲಿ ಹೊಸಬರು ಬಿಟ್ಟು ಹೋಗದೆ ಉಳ್ಕೊಳ್ತಾರಂತಲ್ಲ, ಏನ್ ಮಾಡ್ತೀರಿ?" ಅಂತ ಕೇಳಿದರು. ಮೂರು ವರ್ಷದ ಹಿಂದೆ ಇದೇ ಪುಣ್ಯಾತ್ಮರು, ಮನೆಮನೆಗೆ ಹೋಗಿ ಟೀ ದುಡ್ಡು ಎತ್ತುವ ನನ್ನ ಪ್ಲಾನ್ ಕೇಳಿ ನಕ್ಕಿದ್ದರು. ಮುಕ್ಕಾಲು ಗಂಟೆ ಫೋನಲ್ಲೇ ಹೇಳಿದೆ. ಇನ್ನೂ ನಾಲ್ಕು ಜನ ಕೇಳುವ ಮೊದಲು ಬರೆದೇ ಬಿಡೋಣ ಅನ್ನಿಸಿತು.

ನಾನು ಬೋಧಕನಲ್ಲ. ಬೆಂಗಳೂರಿನ ಸಿಟಿ ಬಸ್ಸು ಬಿಟಿಎಸ್ ಆಗಿದ್ದಾಗ ಕಂಡಕ್ಟರ್ ಆಗಿ ಸೇರಿದವನು, 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಅದೇ ಬ್ಯಾಗು ನೇತುಹಾಕಿಕೊಂಡು ತಿರುಗಿ ರಿಟೈರ್ ಆದೆ. ಬೆಂಗಳೂರಿನ ಒಂದು ಕನ್ನಡ ಮೆಥಡಿಸ್ಟ್ ಸಭೆಯಲ್ಲಿ ಒಂಬತ್ತು ವರ್ಷದಿಂದ ಸ್ಟುವರ್ಡ್. ಈ ಒಂಬತ್ತು ವರ್ಷದಲ್ಲಿ ನಾಲ್ಕು ಅಯ್ಯನವರನ್ನು, ಅಂದರೆ ಬೋಧಕರನ್ನು, ನೋಡಿದ್ದೇನೆ. ನಮ್ಮವರಿಗೆ ಇದೇನು ಹೊಸದಲ್ಲ. ಎಲ್ಲ ಸಭೆಗಳೂ ಸೇರುವ ಕಾನ್ಫರೆನ್ಸಿನಲ್ಲಿ ಬಿಷಪ್ಪರು ಯಾರು ಯಾವ ಸಭೆಗೆ ಅಂತ ಅಪಾಯಿಂಟ್‌ಮೆಂಟ್ ಓದುತ್ತಾರೆ, ಅಯ್ಯನವರು ಗಂಟು ಮೂಟೆ ಕಟ್ಟುತ್ತಾರೆ. ಒಬ್ಬರು ಮನೆಭೇಟಿಯಲ್ಲಿ ಹುಲಿ, ಇನ್ನೊಬ್ಬರು ಪ್ರಸಂಗದಲ್ಲಿ. ಅವರು ಶುರು ಮಾಡಿದ್ದೆಲ್ಲ ಅವರ ಸಾಮಾನಿನ ಲಾರಿಯಲ್ಲೇ ಹೋಗುತ್ತದೆ. ಉಳಿಯುವವರು ಗಂಟೆ ಹೊಡೆಯುವ ತಾತ, ಕೀಬೋರ್ಡ್ ನುಡಿಸುವ ಹುಡುಗ, ಸ್ತ್ರೀ ಸಮಾಜದ ಅಮ್ಮಂದಿರು, ಸಂಡೇ ಸ್ಕೂಲ್ ಟೀಚರು, ನಮ್ಮಂಥವರು. ಹಾಗಾಗಿ ಏನೇ ಮಾಡಿದರೂ ಇವರ ಕೈಯಲ್ಲಿ ನಡೆಯುವಂತಿರಬೇಕು ಅನ್ನೋದು ನನ್ನ ಲೆಕ್ಕ.

ಮೊದಲು ಸೋತದ್ದು ಹೇಳುತ್ತೇನೆ, ಅದೇ ಜಾಸ್ತಿ ಇದೆ.

ಶುರುವಿನಲ್ಲಿ ಎಲ್ಲರಂತೆ ನಾವೂ "ಹೊಸಬರು ದಯವಿಟ್ಟು ಎದ್ದು ನಿಲ್ಲಿ" ಅಂದೆವು. ಕೈಗೆ ಮೈಕು, ಜೊತೆಗೆ ಒಂದು ಗುಲಾಬಿ. ಶನಿವಾರ ಕೆ.ಆರ್. ಮಾರ್ಕೆಟ್ಟಿನಿಂದ ಒಂದು ಕಟ್ಟು ತರುತ್ತಿದ್ದೆ, ಇನ್ನೂರರ ಹತ್ತಿರ ಬೀಳುತ್ತಿತ್ತು. ಬೀದರ್ ಕಡೆಯ ನರ್ಸ್ ಹುಡುಗಿ ಒಬ್ಬಳು ಒಂದು ಭಾನುವಾರ ಬಂದಳು, ಮತ್ತೆ ಬರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಶಿವಾಜಿನಗರದ ಬಸ್ ಸ್ಟಾಂಡಿನಲ್ಲಿ ಸಿಕ್ಕಳು. ಯಾಕಮ್ಮಾ ಅಂದೆ. "ಮೈಕ್ ಕೊಟ್ಟು ಊರು, ಅಪ್ಪನ ಹೆಸರು ಹೇಳು ಅಂದ್ರಿ ಅಂಕಲ್. ಎಲ್ಲಾರೂ ತಿರುಗಿ ನೋಡಿದ್ರು. ಆಮೇಲೆ ಒಬ್ಬರೂ ಮಾತಾಡಿಸ್ಲಿಲ್ಲ" ಅಂದಳು. ಹೂವಿನ ಖರ್ಚು ಅವತ್ತೇ ನಿಲ್ಲಿಸಿದೆ.

ಆಮೇಲೆ ಹೊಸಬರು ಹೆಸರು, ಫೋನ್ ನಂಬರ್ ತುಂಬಿಕೊಡುವ ಕಾರ್ಡು. ಸುಲ್ತಾನ್‌ಪೇಟೆಯಲ್ಲಿ 500 ಕಾರ್ಡು ಹೊಡೆಸಿದೆವು, 2,800 ಚಿಲ್ಲರೆ ಆಯಿತು. ಎಂಟು ತಿಂಗಳಲ್ಲಿ ತುಂಬಿ ಬಂದದ್ದು 35ರ ಆಸುಪಾಸು. ಕಮಿಟಿಯವರು ಹಂಚಿಕೊಂಡು ಫೋನ್ ಮಾಡಬೇಕಿತ್ತು. ವೆಸ್ಟ್ರಿಯ (ಅಯ್ಯನವರು ನಿಲುವಂಗಿ ಹಾಕಿಕೊಳ್ಳುವ ಕೋಣೆ) ಡ್ರಾಯರಿನಲ್ಲಿ ಮೇಣದಬತ್ತಿ ಹುಡುಕುವಾಗ ಇಡೀ ಕಟ್ಟು ರಬ್ಬರ್ ಬ್ಯಾಂಡ್ ಸಮೇತ ಸಿಕ್ಕಿತು. ವಾಟ್ಸಾಪ್ ಗ್ರೂಪಿನ ಕಥೆ ಹೇಳುವುದೇ ಬೇಡ, ನಿಮ್ಮಲ್ಲೂ ಒಂದಿರುತ್ತದೆ.

ನಂತರ ಆರಾಧನೆ ಮುಗಿದ ಮೇಲೆ ಹಿಂದಿನ ಹಾಲಿನಲ್ಲಿ ಟೀ. ಹಳಬರು ಹಳಬರ ಜೊತೆ ನಿಂತು ಕುಡಿದರು. ಹೊಸಬರು ಆಶೀರ್ವಾದ ಮುಗಿದದ್ದೇ ಸೀದಾ ಗೇಟು. ಹೊರಗಿನಿಂದ ತರಿಸಿದ ಟೀ, ಭಾನುವಾರಕ್ಕೆ 1,400 ದಾಟುತ್ತಿತ್ತು. ನಾಲ್ಕು ತಿಂಗಳಿಗೆ ಟ್ರೆಷರರ್ ಕೈ ಎತ್ತಿದರು.

ಟೀ ದುಡ್ಡಿಗೆ ಏನು ಮಾಡೋಣ ಅಂತ ಕಮಿಟಿಯಲ್ಲಿ ಜಗಳ ನಡೆಯುತ್ತಿದ್ದಾಗ ನನಗೆ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ನೆನಪಾದದ್ದು. ಹತ್ತು ಹನ್ನೆರಡು ಜನಕ್ಕೆ ಒಬ್ಬ ಲೀಡರ್ ಇರುವ ಕ್ಲಾಸ್ ಮೀಟಿಂಗ್ ಹುಟ್ಟಿದ್ದೇ ಸಾಲ ತೀರಿಸೋಕೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1742, ಇಂಗ್ಲೆಂಡಿನ ಬ್ರಿಸ್ಟಲ್. ಕಟ್ಟಡದ ಸಾಲ ತಲೆ ಮೇಲಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ ಅಂದರು. ಬಡವರಿಗೆ ಅದೂ ಆಗಲ್ಲ ಅಂತ ಮಾತು ಬಂತು. ಆಗ ಕ್ಯಾಪ್ಟನ್ ಫಾಯ್ ಅನ್ನುವವರು ಎದ್ದು, ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ವಾರವಾರ ಹೋಗಿ ಕೇಳುತ್ತೇನೆ, ಅವರ ಕೈಲಾಗದಿದ್ದರೆ ನಾನೇ ಹಾಕುತ್ತೇನೆ ಅಂದರು. ದುಡ್ಡು ಕೇಳಲು ಮನೆಮನೆಗೆ ಹೋದವರಿಗೆ ಆ ಮನೆಗಳ ಒಳಗಿನ ಸ್ಥಿತಿ ಕಂಡಿತು. ಕ್ಲಾಸ್ ಲೀಡರ್ ಕೆಲಸ ಬೆಳೆದದ್ದು ಅಲ್ಲಿಂದ. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಟಿಕೆಟ್ ಬೇರೆ ಕೊಡುತ್ತಿದ್ದರಂತೆ. ಕಂಡಕ್ಟರಿಗೆ ಖುಷಿಯಾಗದೆ ಇರುತ್ತದೆಯೇ?

ನಾನು ಕಮಿಟಿಯಲ್ಲಿ ಹೇಳಿದ್ದು ಇಷ್ಟೇ. ಮನೆಗೆ ವಾರಕ್ಕೆ 20 ರೂಪಾಯಿ ಟೀ ದುಡ್ಡು. ಹನ್ನೊಂದೋ ಹನ್ನೆರಡೋ ಮನೆಗೆ ಒಬ್ಬ ಲೀಡರ್. ಯುಪಿಐ ಬೇಡ, ಲೀಡರ್ ಮನೆಗೇ ಹೋಗಿ ಕೈಯಲ್ಲೇ ತೆಗೆದುಕೊಳ್ಳಬೇಕು.

ಎರಡು ಗಂಟೆ ಬೈದರು. "ತರಕಾರಿ ಗಾಡಿಯವನೂ ಕ್ಯೂಆರ್ ಇಟ್ಟಿದ್ದಾನೆ, ನೀವು ಚಿಲ್ಲರೆ ಎಣಿಸ್ತೀರಾ?" ಅಂದರು ಒಬ್ಬರು. ಟ್ರೆಷರರ್ ಅಂತೂ, "20 ರೂಪಾಯಿ ವಸೂಲಿಗೆ 40 ರೂಪಾಯಿ ಪೆಟ್ರೋಲು" ಅಂದರು. ಲೆಕ್ಕ ಸರಿಯಾಗೇ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಆ ಪೆಟ್ರೋಲೇ. ಸುಮ್ನೆ ಮನೆಗೆ ಹೋಗಿ "ಹೇಗಿದ್ದೀರಿ" ಅಂದರೆ ಬೆಂಗಳೂರಿನಲ್ಲಿ ಯಾರಾದರೂ ಬಾಗಿಲು ಪೂರ್ತಿ ತೆಗೆಯುತ್ತಾರಾ? 20 ರೂಪಾಯಿ ಅಂದರೆ ಹೋಗುವವನಿಗೂ ಒಂದು ನೆಪ, ಕರೆಯುವವನಿಗೂ ಒಂದು ನೆಪ. ಪರ್ಸ್ ಹುಡುಕುವಷ್ಟರಲ್ಲಿ ನೀವು ಒಳಗೆ ಕೂತಿರುತ್ತೀರಿ.

ಮೊದಲ ಸುತ್ತು ಅದೂ ಮಕಾಡೆ ಮಲಗಿತು. ತಪ್ಪು ನನ್ನದೇ, ಸಭೆಯ ದೊಡ್ಡ ಮನುಷ್ಯರನ್ನು ಲೀಡರ್ ಮಾಡಿದ್ದೆ. ಅವರು ಚರ್ಚ್ ಗೇಟಿನಲ್ಲೇ ನಿಂತು ವಸೂಲಿ ಮಾಡಿದರು. ಒಬ್ಬರು ಇನ್ನೂ ಜಾಣರು, ಮೂರು ತಿಂಗಳದ್ದು 240 ರೂಪಾಯಿ ಒಂದೇ ಸಲ ಇಸಿದುಕೊಂಡು ರಸೀದಿ ಕೊಟ್ಟರು! ಅಲ್ಲಿಗೆ ಮೂರು ತಿಂಗಳ ಭೇಟಿ ಮುಗಿಯಿತು. ಆಮೇಲೆ ರೂಲ್ ಮಾಡಿದೆ: ಮುಂಗಡ ಮುಟ್ಟಿದರೆ ಲೀಡರ್ ಬದಲು. ಎರಡನೇ ಸುತ್ತಿನಲ್ಲಿ ಮೆಸ್ ನಡೆಸುವ ಅಕ್ಕ, ಟೈಲರ್, ರಿಟೈರ್ಡ್ ಆಯಾ, ಡೆಲಿವರಿ ಹುಡುಗ, ಇಂಥವರನ್ನು ಹಿಡಿದೆ. ಈಗ ಒಂಬತ್ತು ಜನರಲ್ಲಿ ಆರು ಹೆಂಗಸರು. ಯಾರಿಗೆ ಯಾವ ಮನೆ ಅಂತ ಹಂಚುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಪೀಣ್ಯದ ಕಡೆ ಒಂದು ಮನೆ. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಯಜಮಾನ, ಮೂರು ವಾರದಿಂದ ಆರಾಧನೆಗೆ ಇಲ್ಲ. ಬೇರೆ ಸಭೆಗೆ ಹೋಗುತ್ತಿರಬೇಕು ಅಂತ ಗೇಟಿನಲ್ಲಿ ಮಾತಾಡಿಕೊಂಡಿದ್ದರು. ಮೆಸ್ ಅಕ್ಕ ಹೋದಾಗ ಅವನ ಹೆಂಡತಿ ಅಕ್ಕಿ ಡಬ್ಬದಿಂದ ಎರಡು ಹತ್ತರ ನೋಟು ತೆಗೆದು, ಒಂದನ್ನು ಕೊಟ್ಟು ಒಂದನ್ನು ಮತ್ತೆ ಅಕ್ಕಿಯಲ್ಲಿ ಹೂತಿಟ್ಟಳಂತೆ. ಅಕ್ಕ ಏನೂ ಕೇಳಲಿಲ್ಲ. ನೋಟು ತೆಗೆದುಕೊಂಡು, ಪುಸ್ತಕದಲ್ಲಿ 20 ಅಂತ ಬರೆದು, ಉಳಿದ 10 ತಾನು ಹಾಕಿದಳು. ಸಂಜೆ ನನಗೆ ಫೋನ್. ಯಜಮಾನನ ಕೆಲಸ ಹೋಗಿತ್ತು, ಕಾಣಿಕೆ ಚೀಲ ಬಂದಾಗ ಖಾಲಿ ಕೈ ಹಾಕೋಕೆ ನಾಚಿಕೆ ಅಂತ ಬರುತ್ತಿರಲಿಲ್ಲ. ಸಭೆಯಲ್ಲಿ ಪ್ರಕಟಣೆ ಗಿಕಟಣೆ ಏನೂ ಮಾಡಲಿಲ್ಲ. ಡೆಲಿವರಿ ಹುಡುಗ ಅವನನ್ನು ತನ್ನ ಪರಿಚಯದ ಗೋಡೌನಿನಲ್ಲಿ ಕೆಲಸಕ್ಕೆ ಸೇರಿಸಿದ. ಈ ವಿಷಯ ಯಾವ ಕ್ಯೂಆರ್ ಕೋಡು ಹೇಳುತ್ತಿತ್ತು?

ದುಡ್ಡಿನ ವಿಷಯ. ಎಲ್ಲರೂ ಕೊಟ್ಟರೆ ವಾರಕ್ಕೆ ಎರಡು ಸಾವಿರ ಬರಬೇಕು, ಬರುವುದು 1,400ರ ಹತ್ತಿರ. ಹೊರಗಿನ ಟೀ ಬಿಟ್ಟು ನಾವೇ ಕಾಯಿಸಲು ಶುರು ಮಾಡಿದೆವು. ಸೆಕೆಂಡ್ ಹ್ಯಾಂಡ್ ಒಲೆ, ದೊಡ್ಡ ಪಾತ್ರೆ ಸೇರಿ ನಾಲ್ಕು ಸಾವಿರದೊಳಗೆ. ಚಿಕ್ಕಪೇಟೆಯಲ್ಲಿ 150 ಸ್ಟೀಲ್ ಲೋಟ, ಐದು ಸಾವಿರ ಚಿಲ್ಲರೆ. ಪೇಪರ್ ಕಪ್ಪು ಬೇಡ ಅಂದದ್ದಕ್ಕೆ ಪರಿಸರವೊಂದೇ ಕಾರಣವಲ್ಲ. ಸ್ಟೀಲ್ ಲೋಟವನ್ನು ವಾಪಸ್ ಕೊಡಬೇಕು, ಹಿಡಿದುಕೊಂಡು ಮನೆಗೆ ಹೋಗೋಕಾಗಲ್ಲ! ಹಾಲು, ಸಕ್ಕರೆ, ಪುಡಿ, ಬಿಸ್ಕತ್ತು, ಗ್ಯಾಸು ಎಲ್ಲ ಸೇರಿ ಭಾನುವಾರಕ್ಕೆ 1,200 ಆಗುತ್ತದೆ. ಮೊದಲ ಐದು ತಿಂಗಳು ಕಡಿಮೆ ಬಿದ್ದದ್ದನ್ನು ನನ್ನ ಕೈಯಿಂದ ಹಾಕಿದೆ, 11 ಸಾವಿರ ಇರಬಹುದು. ಇದು ನಮ್ಮ ಮನೆಯವಳಿಗೆ ಈಗ ಓದಿಯೇ ಗೊತ್ತಾಗುತ್ತದೆ.

ಟೀ ಟೇಬಲನ್ನು ಹಾಲಿನಿಂದ ಎತ್ತಿ, ಬಾಗಿಲಿಗೂ ಟೂವೀಲರ್ ಪಾರ್ಕಿಂಗಿಗೂ ಮಧ್ಯೆ ಇಟ್ಟೆ. ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲ ಹತ್ತಿರ ನಿಂತರೆ ಟಿಕೆಟ್ ತಪ್ಪಲ್ಲ, ಅದೇ ಬುದ್ಧಿ. ಇನ್ನೊಂದು ಬದಲಾವಣೆಗೆ ಹಳಬರು ಈಗಲೂ ಮುಖ ಗಂಟು ಹಾಕುತ್ತಾರೆ. ಬೆಳಗ್ಗೆ ಗೇಟಿನಲ್ಲಿ ನಿಂತು ಕರೆಯುವವರು, ಆಮೇಲೆ ಲೋಟ ಕೊಡುವವರು, ಸಭೆಗೆ ಬಂದು ವರ್ಷ ತುಂಬದವರೇ ಆಗಿರಬೇಕು. "ನಿನ್ನೆ ಬಂದವರು ನಮಗೆ ಬನ್ನಿ ಅನ್ನಬೇಕಾ?" ಅಂತ ಒಬ್ಬ ಹಿರಿಯರು ಎರಡು ವಾರ ಹಿಂದಿನ ಗೇಟಿನಿಂದ ಬಂದರು. ಹೊಸಬರ ಮುಜುಗರ ಹೊಸಬರಿಗೇ ಗೊತ್ತು, ನಾವು ಮರೆತಿರುತ್ತೇವೆ.

ಗೇಟಿನಲ್ಲಿ ಮೂರು ಪ್ರಶ್ನೆ ಬಂದ್: ಊರು ಯಾವುದು, ಯಾವ ಸಭೆಯವರು, ಅಪ್ಪನ ಹೆಸರೇನು. ಇವು ಎಲ್ಲಿಗೆ ಹೋಗಿ ನಿಲ್ಲುತ್ತವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಾತಿಯನ್ನು ಹೊಸಿಲಾಚೆ ಬಿಟ್ಟು ಬಂದಿದ್ದೇವೆ ಅನ್ನುತ್ತೇವೆ, ಆದರೆ ಹುಡುಕುವ ಚಾಳಿ ಬಿಟ್ಟಿಲ್ಲ. ಅದರ ಬದಲು ಕೇಳಬೇಕಾದದ್ದು, "ಹೇಗೆ ಬಂದ್ರಿ, ಬಸ್ಸೋ ಮೆಟ್ರೋನೋ?" ಬೆಂಗಳೂರಿನವರು ಇದಕ್ಕೆ ಐದು ನಿಮಿಷಕ್ಕೆ ಕಡಿಮೆ ಉತ್ತರ ಕೊಡಲ್ಲ. ಭಾನುವಾರ ಮೆಟ್ರೋ 7 ಗಂಟೆಗೆ ಶುರುವಾಗುವುದು, ನಮ್ಮ ಆರಾಧನೆ ಎಂಟೂವರೆಗೆ, ವೈಟ್‌ಫೀಲ್ಡಿನಿಂದ ಓಡಿ ಬಂದದ್ದು, ಎಲ್ಲ ಹೇಳುತ್ತಾರೆ. ಅಷ್ಟರಲ್ಲಿ ಏರಿಯಾ ಗೊತ್ತಾಯಿತು, ಯಾವ ಲೀಡರಿಗೆ ಸೇರಿಸಬೇಕು ಅಂತಲೂ ಗೊತ್ತಾಯಿತು. ಹೆಸರು ನೆನಪಿಡೋಕೆ ನನ್ನದೊಂದು ಉಪಾಯ ಇದೆ. ಮೂವತ್ತು ವರ್ಷ ಪಾಸ್ ನೋಡಿದ ಕಣ್ಣು, ಅದನ್ನು ಕಲಿಸೋಕೆ ಬರಲ್ಲ.

ಚಪ್ಪಲಿ ನೋಡುವುದನ್ನು ಬೇಕಾದರೆ ಕಲಿಯಿರಿ. ನಮ್ಮಲ್ಲಿ ಎಲ್ಲರೂ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಬೀದರ್, ಕಲಬುರಗಿ ಕಡೆ ಹಳ್ಳಿಯಿಂದ ಬಂದವರು ಮೆಟ್ಟಿಲ ಹತ್ತಿರ ಬಿಡುತ್ತಾರೆ. ಎರಡನೇ ಹಾಡಿನ ಹೊತ್ತಿಗೆ ಹೊರಗೆ ಹೋಗಿ ನೋಡುತ್ತೇನೆ. ಗೋಡೆಗೆ ಒತ್ತಿ, ಜೋಡಿಸಿಟ್ಟ ಒಂಟಿ ಜೋಡಿ ಇದ್ದರೆ ಒಳಗೆ ಯಾರೋ ಬರಿಗಾಲಿನಲ್ಲಿ ಕೂತು ಬೇರೆಯವರ ಶೂ ನೋಡುತ್ತಿದ್ದಾರೆ ಅಂತ ಅರ್ಥ. ಈಗ ನಾನೂ ಅಲ್ಲೇ ಬಿಟ್ಟು ಒಳಗೆ ಹೋಗುತ್ತೇನೆ. ಗೇಟಿನ ಹುಡುಗರೂ ಬಿಡುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಹಾಡಿಗೆ ಪ್ರೊಜೆಕ್ಟರ್ ಹಾಕೋಣ ಅಂತ ಕೊಟೇಶನ್ ತರಿಸಿದರೆ 38 ಸಾವಿರ, ಮಡಚಿಟ್ಟೆವು. ದಪ್ಪಕ್ಷರದಲ್ಲಿ 40 ಹಾಳೆ ಜೆರಾಕ್ಸ್ ಮಾಡಿಸಿದ್ದಕ್ಕೆ ಮುನ್ನೂರೂ ಆಗಲಿಲ್ಲ, ಅಜ್ಜಿಯಂದಿರು ಮನೆಗೇ ಒಯ್ದರು. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗೆ ಬಂದದ್ದನ್ನು ಹರಾಜು ಕೂಗುವ ಕೆಲಸವನ್ನು ಕಲಬುರಗಿಯ ಹೊಸ ಹುಡುಗನಿಗೆ ಕೊಟ್ಟೆವು. ಅವನ ಭಾಷೆಯಲ್ಲಿ "ಹೇಳ್ರಿ, ಹೇಳ್ರಿ" ಅಂತ ಕೂಗಿದ ಹೊಡೆತಕ್ಕೆ ಒಂದು ಕುಂಬಳಕಾಯಿ 900 ದಾಟಿತು. ಆಟೋ ಮಾಡಿ ವಯಸ್ಸಾದವರನ್ನು ಕರೆತರುವುದು ದುಬಾರಿ ಆಯಿತು, ಎರಡೇ ತಿಂಗಳು ನಡೆಯಿತು.

ಮೊದಲು ಹತ್ತು ಜನ ಹೊಸಬರು ಬಂದರೆ ಮತ್ತೆ ಮುಖ ತೋರಿಸುತ್ತಿದ್ದವರು ಇಬ್ಬರು. ಈಗ ಐದಾರು ಜನ. ಭಾನುವಾರ ತೊಂಬತ್ತು ಜನ ಇದ್ದದ್ದು ನೂರೈವತ್ತರ ಮೇಲಿದೆ. ಟ್ರೆಷರರ್ ಕಳೆದ ವರ್ಷ ತಾವಾಗಿಯೇ ಕೇಳಿ ಲೀಡರ್ ಆದರು. ಪೆಟ್ರೋಲ್ ಬಿಲ್ ಮಾತ್ರ ಈಗಲೂ ನನಗೆ ತೋರಿಸುತ್ತಾರೆ.

ಈ ಸಲದ ಕಾನ್ಫರೆನ್ಸಿನಲ್ಲಿ ನಮ್ಮ ಅಯ್ಯನವರಿಗೆ ವರ್ಗ ಆಗಬಹುದು ಅಂತ ಮಾತಿದೆ. ಬರುವವರು ಯಾರೇ ಆಗಲಿ, ಸಭೆಗೆ ಅವರೇ ಎಲ್ಲರಿಗಿಂತ ಹೊಸಬರು ಅಲ್ವಾ? ರೂಲ್ ಪ್ರಕಾರ ಮೊದಲ ತಿಂಗಳು ಅವರ ಕೈಗೇ ಟೀ ಲೋಟದ ಟ್ರೇ ಕೊಡಬೇಕು ಅಂತಿದ್ದೇನೆ. ಕಮಿಟಿಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.