ಮೊದಲು ಪದ್ಯ, ಹೆಜ್ಜೆ ಆಮೇಲೆ: 12 ದಿನದಲ್ಲಿ ಮಕ್ಕಳ ಯಕ್ಷಗಾನ

ಮೊದಲ 5 ದಿನ ಒಂದೇ ಒಂದು ಹೆಜ್ಜೆ ಹಾಕಿಸಲಿಲ್ಲ. ಅದಕ್ಕೇ ಎಲ್ಲರಿಗೂ ಅನುಮಾನ. ಶಾಲೆಯ ಜಗಲಿಯಲ್ಲಿ 34 ಮಕ್ಕಳು ಸುತ್ತ ನಿಂತು ಕೈತಾಳ ಹಾಕುತ್ತಾ ಪದ್ಯ ಹೇಳೋದು, ಅಷ್ಟೇ. ನೋಡಲು ಬಂದ ಹಳೇ ಭಾಗವತರೊಬ್ಬರು (ಯಕ್ಷಗಾನದಲ್ಲಿ ಪದ್ಯ ಹಾಡುವವರು) ‘ಇದೆಂತ ಮಾಷ್ಟ್ರೇ, ಭಜನೆಯಾ?’ ಎಂದು ಕೇಳಿಯೇಬಿಟ್ಟರು.

ನನಗೆ ಹಿಂದಿನ ವರ್ಷದ ಪೆಟ್ಟು ನೆನಪಿತ್ತು. ಆಗ ‘ಪಂಚವಟಿ’ ಪ್ರಸಂಗ ಹಿಡಿದಿದ್ದೆ. ಎಲ್ಲರ ಹಾಗೆ ಹೆಜ್ಜೆಯಿಂದ ಶುರು. 9 ದಿನ ಅದಕ್ಕೇ ಹೋಯಿತು. ರಂಗಕ್ಕೆ ಬಂದರೆ ಪದ್ಯ ಎಲ್ಲಿ ಮುಗಿಯುತ್ತದೆಂದೇ ಮಕ್ಕಳಿಗೆ ಗೊತ್ತಿಲ್ಲ. ಹಾಡು-ವಾದ್ಯದ ಹಿಮ್ಮೇಳ, ಪದ್ಯ ಮುಗಿಸುವ ಪೆಟ್ಟು ‘ಮುಕ್ತಾಯ’ ಹೊಡೆದು ನಿಲ್ಲಿಸಿತು, ಲಕ್ಷ್ಮಣ ಕುಣಿಯುತ್ತಲೇ ಇದ್ದ. ಜನ ನಕ್ಕರು. ಹುಡುಗ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಬಂದು ಅತ್ತ. ಅದರ ಮೇಲೆ ನನ್ನ ಕಿಸೆಯಿಂದ 7-8 ಸಾವಿರ ಹೋಯಿತು.

ಈ ಸಲ ‘ಕುಶಲವರ ಕಾಳಗ’. ಮಕ್ಕಳದ್ದೇ ಕಥೆ, ಅರ್ಥ (ಪಾತ್ರದ ಮಾತು) ಹೇಳಿಸುವ ಕಷ್ಟ ಕಡಿಮೆ. ಪದ್ಯ ಕಡಿದು ಕಡಿದು 28ಕ್ಕೆ ತಂದೆ. ಏಕ, ರೂಪಕ, ಝಂಪೆ ಬಿಟ್ಟು ಬೇರೆ ತಾಳ ಮುಟ್ಟಲಿಲ್ಲ. ಯಾರಿಗೆ ಯಾವ ಪಾತ್ರ ಅಂತ 6ನೇ ದಿನದವರೆಗೂ ಬಾಯಿ ಬಿಡಲಿಲ್ಲ. ಲವ ಆಗುವ ಆಸೆ ಎಲ್ಲರಿಗೂ ಇತ್ತಲ್ಲ, ಹಾಗಾಗಿ ಎಲ್ಲರೂ ಎಲ್ಲಾ ಪದ್ಯ ಕಲಿತರು! 6ನೇ ದಿನ ಮದ್ದಳೆ ಕೂತಿತು ನೋಡಿ, ಕಾಲು ತಾನಾಗಿ ಎದ್ದಿತು. ಏಕ, ರೂಪಕ ಎರಡೇ ದಿನ. ಝಂಪೆ ಮಾತ್ರ ಕಾಡಿತು. ಅದನ್ನು ಹೇಗೆ ಹತ್ತಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಎಡವಿದ್ದು ಶ್ರುತಿಯಲ್ಲಿ. ಪದ್ಯಕ್ಕೆ 6 ಹುಡುಗಿಯರನ್ನೇ ಕೂರಿಸಿದ್ದೆ. ನನ್ನ ಮದ್ದಳೆ ಕಪ್ಪು ಒಂದರದ್ದು (ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುವ ಶ್ರುತಿ), ಹುಡುಗಿಯರಿಗೆ ಎತ್ತರವಾಯಿತು. ಮೇಲಿನ ಷಡ್ಜ ದಾಟಿದರೆ ಬರೀ ಕಿರುಚಾಟ. 8ನೇ ದಿನ ತಗ್ಗಿನ ಬಿಳಿ ಐದಕ್ಕೆ ಬದಲಾಯಿಸಿ, ಬೇರೆ ಮದ್ದಳೆ, ಚಂಡೆ ತರಿಸಿದೆ. ಸುಮ್ನೆ ಒಂದೂವರೆ ಸಾವಿರ ದಂಡ.

ಖರ್ಚು ಉಳಿಸಲು ರಟ್ಟಿನ ಕಿರೀಟವನ್ನೂ ಮಾಡಿಸಿ ನೋಡಿದೆ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆ! ಅರ್ಧ ಗಂಟೆಯಲ್ಲಿ ರಾಮನ ಕಿರೀಟ ನೆನೆದ ಹಪ್ಪಳದ ಹಾಗೆ ಬಗ್ಗಿತು. ಕೊನೆಗೆ ವೇಷಭೂಷಣ ಬಾಡಿಗೆಗೇ ತಂದೆ. ಬಣ್ಣದವರದ್ದೂ ಸೇರಿ 15 ಸಾವಿರದ ಹತ್ತಿರ. ಹಿಮ್ಮೇಳಕ್ಕೆ 6-7, ಚಾ-ಅವಲಕ್ಕಿಗೆ 5. ಮಕ್ಕಳಿಂದ ತಲೆಗೆ 300 ರೂಪಾಯಿ ಬಂದಿತ್ತು, ಉಳಿದದ್ದು ಊರವರು ಕೊಟ್ಟರು. ನನ್ನ ಕೈಯಿಂದ ಹೋದದ್ದು 2 ಸಾವಿರವೂ ಇರಲಿಕ್ಕಿಲ್ಲ.

ಆಟ ಒಂದೂಕಾಲು ಗಂಟೆ ನಡೆಯಿತು. ಯುದ್ಧದ ಪದ್ಯದ ನಡುವೆ ಲವ ತಲೆಗೆ ಕಟ್ಟಿದ್ದ ಕೇದಗೆ ಮುಂದಲೆ ಜಾರಿ ಕಣ್ಣಿನ ಮೇಲೆ ಬಂತು. ದೊಡ್ಡವರ ಅಳತೆಯದ್ದು, ಒಳಗೆ ಬಟ್ಟೆ ಸುತ್ತಿದ್ದು ಸಾಲಲಿಲ್ಲ. ಹುಡುಗನಿಗೆ ಏನೂ ಕಾಣುತ್ತಿಲ್ಲ. ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದ, ತುಟಿಯಲ್ಲೇ ಪದ್ಯ ಹೇಳುತ್ತಾ ಕುಣಿದ, ಮುಕ್ತಾಯಕ್ಕೆ ಸರಿಯಾಗಿ ಬಂದು ನಿಂತ. ಝಂಪೆಯಲ್ಲಿ!

ಆಟ ಮುಗಿದ ಮೇಲೆ ಆ ಭಾಗವತರು ಚೌಕಿಗೆ ಬಂದರು. ‘ಅಲ್ಲ ಮಾಷ್ಟ್ರೇ, ಆ ಝಂಪೆ ಹೇಗೆ ಹತ್ತಿಸಿದಿರಿ?’ ಎಂದರು.

ಚಾ ಕೊಟ್ಟು ಕಳಿಸಿದೆ.