ಡೈವ್ ಲಾಗ್ ಆ್ಯಪ್ ಅಪ್‌ಡೇಟ್: ಗುಂಡಿ ಒತ್ತುವ ಮೊದಲು ಏನು, ಆಮೇಲೆ ಏನು?

ಕಳೆದ ಸಲ ಸ್ಕೂಬಾ ಡೈವ್ ಮಾಡಿದಾಗ ಸೊಂಟಕ್ಕೆ ಎಷ್ಟು ಕೆ.ಜಿ. ತೂಕ ಕಟ್ಟಿಕೊಂಡಿದ್ದಿರಿ? ಅವತ್ತು ಹಾಕಿದ್ದು 3 ಮಿ.ಮೀ. ವೆಟ್‌ಸೂಟೋ, 5 ಮಿ.ಮೀ.ದೋ? ಮೇಲೆ ಬಂದಾಗ ಸಿಲಿಂಡರ್‌ನಲ್ಲಿ ಎಷ್ಟು ಬಾರ್ ಒತ್ತಡದ ಗಾಳಿ ಉಳಿದಿತ್ತು? ಆರು ತಿಂಗಳಾದ ಮೇಲೆ ಇದೆಲ್ಲ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಲಾಗ್, ಅಂದರೆ ಪ್ರತಿ ಡೈವ್‌ನ ದಾಖಲೆ ಬರೆಯುವುದು. ಈಗ ಹೆಚ್ಚಿನವರು ಪುಸ್ತಕ ಬಿಟ್ಟು ಫೋನಿನಲ್ಲೋ ಟ್ಯಾಬ್‌ನಲ್ಲೋ ಬರೆಯುತ್ತಾರೆ. ಪುಸ್ತಕಕ್ಕೆ ಅಪ್‌ಡೇಟ್ ಬರುವುದಿಲ್ಲ, ಆ್ಯಪ್‌ಗೆ ಬರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಒಮ್ಮೆ ನನಗೂ ಹೀಗಾಯಿತು. ಅಪ್‌ಡೇಟ್ ಆದ ಮೇಲೆ ಆ್ಯಪ್ ತೆರೆದುಕೊಳ್ಳಲೇ ಇಲ್ಲ. ಅಳಿಸಿ ಮತ್ತೆ ಹಾಕಿಕೊಂಡರೆ ಸರಿಹೋಗಬಹುದು ಅಂದುಕೊಂಡು ಅಳಿಸಿಬಿಟ್ಟೆ. ಹೊಸದಾಗಿ ತೆರೆದರೆ ಪಟ್ಟಿ ಖಾಲಿ. ಅರವತ್ತಕ್ಕೂ ಜಾಸ್ತಿ ಡೈವ್‌ಗಳು ಹೋಗಿದ್ದವು. ಕೆಲವು, ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ನಲ್ಲೇ ಉಳಿದಿದ್ದರಿಂದ ವಾಪಸ್ ಬಂದವು. ಆದರೆ ಬಡ್ಡಿಗಳ (ಜತೆಗೆ ನೀರಿಗಿಳಿದ ಸಂಗಾತಿಗಳ) ಹೆಸರು, ತೂಕದ ಲೆಕ್ಕ, ಮೊದಲ ರಾತ್ರಿ ಡೈವ್ ಆದ ಮೇಲೆ ಬರೆದಿಟ್ಟ ಎರಡು ಪ್ಯಾರಾ, ಇವು ಯಾವುವೂ ಮತ್ತೆ ಸಿಗಲಿಲ್ಲ. ಆ ಎರಡು ಪ್ಯಾರಾ ಹೋದ ಬೇಸರ ಇವತ್ತಿಗೂ ಇದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ

ಆ್ಯಪ್‌ನಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಒಂದು, ಕೈಗೆ ಕಟ್ಟಿಕೊಂಡ ಡೈವ್ ಕಂಪ್ಯೂಟರ್ ಕೊಟ್ಟದ್ದು. ಕೆಲವು ಸೆಕೆಂಡಿಗೊಮ್ಮೆ ಆಳ, ಸಮಯ, ನೀರಿನ ಉಷ್ಣತೆಯನ್ನು ಅದು ಗುರುತು ಹಾಕಿಕೊಂಡಿರುತ್ತದೆ. ಆಳ ಹೇಗೆ ಬದಲಾಯಿತು ಅಂತ ತೋರಿಸುವ ಪ್ರೊಫೈಲ್ ಅನ್ನುವ ಗೆರೆ ಮೂಡುವುದು ಇದರಿಂದಲೇ. ಇನ್ನೊಂದು, ನೀವೇ ಕೈಯಾರೆ ತುಂಬಿದ್ದು: ಜಾಗ, ಬಡ್ಡಿ, ತೂಕ, ಸಿಲಿಂಡರ್, ಟಿಪ್ಪಣಿ.

ಮೊದಲನೆಯದನ್ನು ಕಂಪ್ಯೂಟರ್‌ನಿಂದ ಮತ್ತೆ ಇಳಿಸಿಕೊಳ್ಳಬಹುದು, ಆದರೆ ಅದಕ್ಕೂ ಮಿತಿ ಇದೆ. ಡೈವ್ ಕಂಪ್ಯೂಟರ್‌ನ ಮೆಮೊರಿ ಸಣ್ಣದು. ತುಂಬಿದಾಗ ಹಳೇ ಡೈವ್‌ಗಳ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಎರಡನೆಯದು ಹೋದರೆ ಹೋಯಿತು.

ಹಾಗಾಗಿ ಮೊದಲ ಕೆಲಸ ಇದು. ಹಳೇ ಆವೃತ್ತಿ ಸರಿಯಾಗಿ ನಡೆಯುತ್ತಿರುವಾಗಲೇ ಕಂಪ್ಯೂಟರ್‌ನಲ್ಲಿ ಬಾಕಿ ಇರುವ ಡೈವ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಟಿಪ್ಪಣಿ ಅರ್ಧ ಬರೆದದ್ದಿದ್ದರೆ ಪೂರ್ತಿ ಮಾಡಿ.

ಲಾಗ್‌ನ ಒಂದು ಪ್ರತಿಯನ್ನು ಆ್ಯಪ್‌ನ ಹೊರಗೆ ಇಡಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಆ್ಯಪ್‌ನ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಂತ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಫಾರ್ಮ್ಯಾಟ್ ಕೇಳುತ್ತಾರೆ. ಒಂದು ಆ ಆ್ಯಪ್‌ನದೇ ಸ್ವಂತ ಫಾರ್ಮ್ಯಾಟ್. ಅದರಲ್ಲಿ ಎಲ್ಲವೂ ಇರುತ್ತದೆ, ಆದರೆ ಬೇರೆ ಆ್ಯಪ್ ಅದನ್ನು ಓದುತ್ತದೆ ಅನ್ನುವ ಖಾತ್ರಿ ಇಲ್ಲ. ಇನ್ನೊಂದು ಯುಡಿಡಿಎಫ್. ಡೈವ್ ಮಾಹಿತಿಯನ್ನು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಾಗಿಸಲೆಂದೇ ಮಾಡಿದ ತೆರೆದ ಫಾರ್ಮ್ಯಾಟ್ ಅದು. ಒಳಗಿರುವುದು ಬರೀ ಪಠ್ಯ. ನಾಳೆ ಆ ಆ್ಯಪ್ ನಿಂತೇಹೋದರೂ ಈ ಫೈಲನ್ನು ಓದಲು ಏನಾದರೂ ದಾರಿ ಸಿಗುತ್ತದೆ. ಸಿಎಸ್‌ವಿ ಕೂಡ ಇರಬಹುದು. ಸ್ಪ್ರೆಡ್‌ಶೀಟ್‌ನಲ್ಲಿ ನೋಡಲು ಚೆನ್ನ, ಆದರೆ ಒಂದು ಡೈವ್‌ಗೆ ಒಂದೇ ಸಾಲಿನ ಪಟ್ಟಿಯಾದರೆ ಪ್ರೊಫೈಲ್ ಅದರಲ್ಲಿ ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಎರಡು ಪ್ರತಿ ಬೇಕೇ ಬೇಕು. ಸ್ವಂತ ಫಾರ್ಮ್ಯಾಟಿನದು ಒಂದು, ಯುಡಿಡಿಎಫ್ ಒಂದು. ಎರಡನ್ನೂ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ಇಲ್ಲವೇ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ಫೈಲಿನ ಹೆಸರಿನಲ್ಲಿ ತಾರೀಖು ಇರಲಿ. ಆಮೇಲೆ ಫೈಲ್ ತೆರೆದು ನೋಡಿ. ಇನ್ನೂರು ಡೈವ್ ಇರುವ ಲಾಗ್‌ನ ಫೈಲ್ ಬರೀ ಒಂದೆರಡು ಕೆಬಿ ಇದ್ದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. ಫೋಟೊಗಳ ವಿಷಯದಲ್ಲೂ ಎಚ್ಚರ. ಕೆಲವು ಆ್ಯಪ್‌ಗಳು ಫೋಟೊ ಎಲ್ಲಿದೆ ಅನ್ನುವ ಗುರುತನ್ನಷ್ಟೇ ಇಟ್ಟುಕೊಳ್ಳುತ್ತವೆ. ಚಿತ್ರ ಬ್ಯಾಕಪ್ ಫೈಲಿನೊಳಗೆ ಬರುವುದಿಲ್ಲ.

‘ನನ್ನ ಲಾಗ್ ಕ್ಲೌಡ್‌ನಲ್ಲಿದೆಯಲ್ಲ, ಇದೆಲ್ಲ ಯಾಕೆ?’ ಅಂತ ಕೇಳುವವರಿದ್ದಾರೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಫೋನಿನಲ್ಲಿ ತಪ್ಪಿ ಹತ್ತು ಡೈವ್ ಅಳಿಸಿದರೆ, ಸಿಂಕ್ ಆದ ಕೂಡಲೇ ಟ್ಯಾಬ್‌ನಲ್ಲೂ ಆ ಹತ್ತು ಹೋಗುತ್ತವೆ. ಕ್ಲೌಡ್ ಅನ್ನು ನಂಬಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಏನು ಬದಲಾಗಿದೆ ಅಂತ ಓದಿ

ಆ್ಯಪ್ ಸ್ಟೋರಿನಲ್ಲಿ ‘ಹೊಸತೇನು’ ಅನ್ನುವ ಕಡೆ ನಾಲ್ಕು ಸಾಲು ಇರುತ್ತವೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ಡೈವ್ ಲಾಗ್ ವಿಷಯದಲ್ಲಿ ಆ ನಾಲ್ಕು ಸಾಲಿಗೆ ಬೆಲೆ ಇದೆ. ಯಾಕೆ ಅಂದರೆ ಈ ಆ್ಯಪ್‌ಗಳಿಗೆ ಬರುವ ಅಪ್‌ಡೇಟ್‌ಗಳಲ್ಲಿ ದೊಡ್ಡ ಪಾಲು ಡೈವ್ ಕಂಪ್ಯೂಟರ್‌ಗಳಿಗೆ ಸಂಬಂಧಿಸಿದ್ದು. ಒಂದೊಂದು ಕಂಪನಿಯ ಕಂಪ್ಯೂಟರ್ ಒಂದೊಂದು ಭಾಷೆ ಆಡುತ್ತದೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳೇ ಬೇರೆ ಬೇರೆ ರೀತಿ ಮಾತಾಡುವುದೂ ಉಂಟು. ಆ ಭಾಷೆಗಳನ್ನೆಲ್ಲ ಒಂದೆಡೆ ಕಲಿತಿಟ್ಟುಕೊಂಡಿರುವುದು ಲಿಬ್‌ಡೈವ್‌ಕಂಪ್ಯೂಟರ್ ಅನ್ನುವ ತೆರೆದ ಆಕರದ ತಂತ್ರಾಂಶ. ಹಲವು ಲಾಗ್ ಪ್ರೋಗ್ರಾಮುಗಳು ಒಳಗೊಳಗೆ ಅದನ್ನೇ ಬಳಸುತ್ತವೆ. ಸಬ್‌ಸರ್ಫೇಸ್ ಕೂಡ ಅದರಲ್ಲೊಂದು. ಲಿನಕ್ಸ್ ಕಟ್ಟಿದ ಲಿನಸ್ ಟೋರ್ವಾಲ್ಡ್ಸ್ ಅವರೇ 2011ರಲ್ಲಿ ಸಬ್‌ಸರ್ಫೇಸ್ ಬರೆಯಲು ಶುರು ಮಾಡಿದರು, ಅವರೂ ಡೈವರ್. ಈಗ ಅದು ಫೋನ್, ಟ್ಯಾಬ್‌ಗಳಲ್ಲೂ ಸಿಗುತ್ತದೆ.

ಆ ಸಾಲುಗಳಲ್ಲಿ ನಿಮ್ಮ ಕಂಪ್ಯೂಟರ್‌ನ ಹೆಸರಿದೆಯಾ ಅಂತ ಹುಡುಕಿ. ಇದ್ದರೆ ಅಪ್‌ಡೇಟ್ ನಿಮಗೆ ಬೇಕಾದದ್ದೇ. ಡೇಟಾಬೇಸ್ ಅಥವಾ ಫೈಲ್ ಫಾರ್ಮ್ಯಾಟ್ ಬದಲಾಗಿದೆ ಅಂತ ಬರೆದಿದ್ದರೆ ಇನ್ನೊಂದಿಷ್ಟು ಜಾಗ್ರತೆ ಬೇಕು. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಹಳೇ ಲಾಗನ್ನು ಹೊಸ ರೂಪಕ್ಕೆ ತಿರುಗಿಸುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವುದು ಕಷ್ಟ.

ಹಳೇ ಟ್ಯಾಬ್ ಇಟ್ಟುಕೊಂಡವರಿಗೆ

ಹೊಸ ಆವೃತ್ತಿಗೆ ಕನಿಷ್ಠ ಇಂಥ ಆಂಡ್ರಾಯ್ಡ್ ಅಥವಾ ಐಒಎಸ್ ಇರಬೇಕು ಅಂತ ಇರುತ್ತದೆ. ಫೋನ್ ಹೊಸದು, ಟ್ಯಾಬ್ ಹಳೇದು ಆಗಿದ್ದರೆ ಫೋನಿಗೆ ಅಪ್‌ಡೇಟ್ ಬರುತ್ತದೆ, ಟ್ಯಾಬ್‌ಗೆ ಬರುವುದೇ ಇಲ್ಲ. ಫೋನ್ ಲಾಗನ್ನು ಹೊಸ ರೂಪಕ್ಕೆ ತಿರುಗಿಸಿ ಕ್ಲೌಡ್‌ಗೆ ಕಳಿಸಿದ ಮೇಲೆ ಟ್ಯಾಬ್‌ನ ಹಳೇ ಆ್ಯಪ್‌ಗೆ ಅದು ಅರ್ಥವಾಗದೇ ಹೋಗಬಹುದು. ಆದ್ದರಿಂದ ಅಪ್‌ಡೇಟ್‌ಗೆ ಮೊದಲು ಎರಡನ್ನೂ ಸಿಂಕ್ ಮಾಡಿ, ಎರಡರಲ್ಲೂ ಡೈವ್‌ಗಳ ಸಂಖ್ಯೆ ಒಂದೇ ಇದೆಯಾ ನೋಡಿ. ಆಮೇಲೆ ಒಂದನ್ನು ಮಾತ್ರ ಅಪ್‌ಡೇಟ್ ಮಾಡಿ. ಇನ್ನೊಂದರ ವೈಫೈ ಅಷ್ಟು ಹೊತ್ತು ಆರಿಸಿಟ್ಟರೆ ಒಳ್ಳೆಯದು.

ಡೈವ್ ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಈ ಕೆಲಸ ಬೇಡ. ದೋಣಿಯ ಮೇಲಂತೂ ಬೇಡವೇ ಬೇಡ. ಈ ಒಂದು ಆ್ಯಪ್‌ಗೆ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ ಅನ್ನುವುದು ನನ್ನ ಸಲಹೆ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಐಫೋನ್, ಐಪ್ಯಾಡ್‌ಗಳಲ್ಲಿ ಸೆಟ್ಟಿಂಗ್ಸ್‌ನ ಆ್ಯಪ್ ಸ್ಟೋರ್ ವಿಭಾಗದಲ್ಲಿ ಎಲ್ಲ ಆ್ಯಪ್‌ಗಳಿಗೂ ಸೇರಿಸಿ ನಿಲ್ಲಿಸಬಹುದು.

ಈಗ ಅಪ್‌ಡೇಟ್

ಗುಂಡಿ ಒತ್ತಿ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ. ಮೊದಲ ಸಲ ತೆರೆದಾಗ ಆ್ಯಪ್ ಸ್ವಲ್ಪ ಹೊತ್ತು ಸುಮ್ನೆ ನಿಂತಂತೆ ಕಾಣಬಹುದು. ಒಳಗೆ ಲಾಗ್ ತಿರುಗಿಸುವ ಕೆಲಸ ನಡೆದಿರುತ್ತದೆ. ಮಧ್ಯೆ ಮುಚ್ಚಬೇಡಿ.

ತೆರೆಯಲೇ ಇಲ್ಲವೋ? ದಯವಿಟ್ಟು ಆ್ಯಪ್ ಅಳಿಸಬೇಡಿ. ಆ್ಯಪ್ ಜತೆಗೆ ಅದರೊಳಗಿನ ಲಾಗೂ ಹೋಗುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ನ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಅಳಿಸಿ ನೋಡಬಹುದು, ಅದರಿಂದ ಲಾಗ್‌ಗೆ ತೊಂದರೆಯಾಗದು. ಆದರೆ ಅದರ ಪಕ್ಕದಲ್ಲೇ ಸ್ಟೋರೇಜ್ ಅಥವಾ ಡೇಟಾ ಅಳಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎಲ್ಲ ಹೋಗುತ್ತದೆ. ಐಫೋನಿನಲ್ಲಿ ‘ಆಫ್‌ಲೋಡ್’ ಅಂದರೆ ಆ್ಯಪ್ ಹೋಗಿ ಮಾಹಿತಿ ಉಳಿಯುತ್ತದೆ, ‘ಡಿಲೀಟ್’ ಅಂದರೆ ಎರಡೂ ಹೋಗುತ್ತವೆ. ಅವತ್ತು ಈ ವ್ಯತ್ಯಾಸ ಗೊತ್ತಿದ್ದಿದ್ದರೆ ನನ್ನ ಟಿಪ್ಪಣಿಗಳು ಉಳಿಯುತ್ತಿದ್ದವು.

ಡೈವ್ ಕಂಪ್ಯೂಟರ್ ಕಾಣುತ್ತಿಲ್ಲ ಅಂದರೆ

ಅಪ್‌ಡೇಟ್ ಆದ ಮೇಲೆ ಜಾಸ್ತಿ ಕೇಳಿಬರುವ ದೂರು ಇದು. ಹೆಚ್ಚಿನ ಸಲ ಕಾರಣ ಸಣ್ಣದು: ಅನುಮತಿ. ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಸಾಧನ ಹುಡುಕಲು ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕಿತ್ತು. ನಾನೆಲ್ಲಿದ್ದೇನೆ ಅಂತ ಇದಕ್ಕೇಕೆ ಹೇಳಬೇಕು ಅಂತ ತುಂಬಾ ಜನ ಬೇಡ ಅಂದುಬಿಡುತ್ತಿದ್ದರು. ಆಂಡ್ರಾಯ್ಡ್ 12ರಲ್ಲಿ ‘ಹತ್ತಿರದ ಸಾಧನಗಳು’ ಅನ್ನುವ ಬೇರೆಯೇ ಅನುಮತಿ ಬಂತು. ಐಒಎಸ್ 13ರಿಂದ ಬ್ಲೂಟೂತ್‌ಗೆ ಪ್ರತಿ ಆ್ಯಪ್ ಕೂಡ ಕೇಳಿಯೇ ಮುಂದುವರಿಯಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಈ ಅನುಮತಿ ಕೊಟ್ಟಿದ್ದೀರಾ ಅಂತ ಮೊದಲು ನೋಡಿ.

ಅದೂ ಸರಿಯಿದೆ ಅಂದರೆ ಟ್ಯಾಬ್ ಕಡೆ ನೋಡಿ. ಕಂಪ್ಯೂಟರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನದ ಜತೆ ಮಾತಾಡುತ್ತದೆ. ಟ್ಯಾಬ್ ಅದನ್ನು ಹಿಡಿದುಕೊಂಡು ಕೂತಿದ್ದರೆ ಫೋನಿಗೆ ಕಾಣುವುದಿಲ್ಲ. ಇನ್ನು ಹಳೇ ಬಗೆಯ ಬ್ಲೂಟೂತ್ ಇರುವ ಡೈವ್ ಕಂಪ್ಯೂಟರ್‌ಗಳದು ಬೇರೆ ಕಥೆ. ಸಾಮಾನ್ಯ ಲಾಗ್ ಆ್ಯಪ್‌ಗಳು ಅವನ್ನು ಐಫೋನ್, ಐಪ್ಯಾಡ್‌ನಲ್ಲಿ ಮಾತಾಡಿಸಲಾರವು, ಕಡಿಮೆ ಶಕ್ತಿಯ ಬ್ಲೂಟೂತ್ ಅಂದರೆ ಬಿಎಲ್ಇ ಇರುವವನ್ನು ಮಾತ್ರ ಮಾತಾಡಿಸುತ್ತವೆ. ಆ್ಯಪ್ ಎಷ್ಟು ಸಲ ಅಪ್‌ಡೇಟ್ ಆದರೂ ಇದು ಬದಲಾಗದು. ಅಂಥವರಿಗೆ ಆಂಡ್ರಾಯ್ಡ್ ಇಲ್ಲವೇ ಲ್ಯಾಪ್‌ಟಾಪ್ ದಾರಿ.

ಲೆಕ್ಕ ಸರಿಯಿದೆಯಾ?

ಆ್ಯಪ್ ತೆರೆಯಿತು, ಪಟ್ಟಿ ಬಂತು ಅಂತ ಇಲ್ಲಿಗೇ ನಿಲ್ಲಿಸಬೇಡಿ. ಒಟ್ಟು ಡೈವ್ ಎಷ್ಟು, ಕೊನೆಯ ಡೈವ್‌ನ ಸಂಖ್ಯೆ ಎಷ್ಟು, ನೀರೊಳಗಿನ ಒಟ್ಟು ಸಮಯ ಎಷ್ಟು ಅಂತ ಅಪ್‌ಡೇಟ್‌ಗೆ ಮೊದಲೇ ಬರೆದಿಟ್ಟುಕೊಂಡಿರಿ. ಈಗ ಹೋಲಿಸಿ. ಆಮೇಲೆ ಚೆನ್ನಾಗಿ ನೆನಪಿರುವ ಒಂದೆರಡು ಡೈವ್ ತೆರೆದು ಕೈಲೆಕ್ಕ ಹಾಕಿ. ಗಾಳಿ ಬಳಕೆಯ ಲೆಕ್ಕ ಇದಕ್ಕೆ ಬಹಳ ಒಳ್ಳೆಯದು. ಸಿಲಿಂಡರ್, ಒತ್ತಡ, ಆಳ, ಸಮಯ ನಾಲ್ಕೂ ಇದೊಂದರಲ್ಲೇ ಪರೀಕ್ಷೆಯಾಗುತ್ತವೆ.

12 ಲೀಟರ್ ಸಿಲಿಂಡರ್ ಅಂದುಕೊಳ್ಳಿ. ನೀರಿಗಿಳಿದಾಗ ಅದರಲ್ಲಿ 200 ಬಾರ್ ಇತ್ತು, ಮೇಲೆ ಬಂದಾಗ 50 ಬಾರ್. ಖರ್ಚಾದದ್ದು 150 ಬಾರ್. ಅದನ್ನು 12ರಿಂದ ಗುಣಿಸಿದರೆ 1,800 ಲೀಟರ್ ಗಾಳಿ. ಸರಾಸರಿ ಆಳ 15 ಮೀಟರ್. ಅಲ್ಲಿನ ಒತ್ತಡ 2.5 ಬಾರ್: ಮೇಲಿನ ಗಾಳಿಯದು 1, ನೀರಿನದು ಸುಮಾರು 1.5. ಡೈವ್ 40 ನಿಮಿಷದ್ದು. 2.5 ಮತ್ತು 40 ಗುಣಿಸಿದರೆ 100. 1,800ನ್ನು 100ರಿಂದ ಭಾಗಿಸಿದರೆ, ನೀರಿನ ಮೇಲಿನ ಒತ್ತಡದ ಲೆಕ್ಕದಲ್ಲಿ ನಿಮಿಷಕ್ಕೆ 18 ಲೀಟರ್. ಆ್ಯಪ್ ಇದರ ಆಸುಪಾಸಿನಲ್ಲಿ ತೋರಿಸಬೇಕು. ಸಣ್ಣ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ, ಕೆಲವು ಆ್ಯಪ್‌ಗಳು ಒತ್ತಡದಲ್ಲಿ ಗಾಳಿ ಹೇಗೆ ಕುಗ್ಗುತ್ತದೆ ಅನ್ನುವುದನ್ನೂ ಸೇರಿಸಿ ಲೆಕ್ಕ ಮಾಡುತ್ತವೆ. 16.6ರ ಸುಮಾರು ತೋರಿಸುತ್ತಿದ್ದರೆ ಸಿಲಿಂಡರ್ ಬದಲಾಗಿ 11.1 ಲೀಟರ್‌ನ ಅಲ್ಯೂಮಿನಿಯಂ 80 ಕೂತಿರಬಹುದು. ಸಂಖ್ಯೆ ತೀರಾ ಎಡವಟ್ಟು ಅನಿಸಿದರೆ ಬಾರ್ ಮತ್ತು ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ), ಮೀಟರ್ ಮತ್ತು ಅಡಿ ಅದಲುಬದಲಾಗಿವೆಯಾ ನೋಡಿ. 200 ಬಾರ್ ಅಂದರೆ ಸುಮಾರು 2,900 ಪಿಎಸ್‌ಐ.

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿಯ ಮಿಶ್ರಣ) ಬಳಸುವವರು ಇನ್ನೂ ಗಮನ ಕೊಡಬೇಕು. ಶೇ 32 ಆಮ್ಲಜನಕದ ಮಿಶ್ರಣಕ್ಕೆ, ಆಮ್ಲಜನಕದ ಒತ್ತಡದ ಮಿತಿ 1.4 ಬಾರ್ ಅಂತ ಇಟ್ಟರೆ, ಇಳಿಯಬಹುದಾದ ಗರಿಷ್ಠ ಆಳ 33 ಮೀಟರ್ ಚಿಲ್ಲರೆ. ಅದೇ ಡೈವ್‌ಗೆ ಆ್ಯಪ್ 56 ಮೀಟರ್ ಅಂತ ತೋರಿಸಿದರೆ ಮಿಶ್ರಣದ ಮಾಹಿತಿ ಕಳೆದುಹೋಗಿ ಸಾದಾ ಗಾಳಿ ಆಗಿದೆ ಅಂತ ಅರ್ಥ. ಹಳೇ ಡೈವ್ ನಕಲು ಮಾಡಿ ಹೊಸದಕ್ಕೆ ಯೋಜನೆ ಹಾಕುವ ಅಭ್ಯಾಸ ಇರುವವರಿಗೆ ಇದು ಬರೀ ಲೆಕ್ಕದ ತಪ್ಪಲ್ಲ, ಪ್ರಾಣಕ್ಕೆ ಅಪಾಯ.

ಪಟ್ಟಿಯಲ್ಲಿ ಒಂದೇ ಡೈವ್ ಎರಡು ಸಲ ಬಂದಿದೆಯಾ? ಎರಡಕ್ಕೂ ಸರಿಯಾಗಿ ಒಂದೋ ಎರಡೋ ಗಂಟೆ ವ್ಯತ್ಯಾಸ ಇದ್ದರೆ ಅದು ಸಮಯ ವಲಯದ ಗೊಂದಲ. ನೋಡದೆ ಒಂದನ್ನು ಅಳಿಸಲು ಹೋಗಬೇಡಿ. ಆ್ಯಪ್‌ನಲ್ಲಿ ಎರಡನ್ನು ಒಂದಾಗಿಸುವ ಮರ್ಜ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಟಿಪ್ಪಣಿ ಇರುವುದನ್ನು ಉಳಿಸಿಕೊಳ್ಳಿ. ಆಳ ಸ್ವಲ್ಪ ಬದಲಾಗಿದ್ದರೆ ನೀರಿನ ಬಗೆ ನೋಡಿ. ಕಂಪ್ಯೂಟರ್ ಅಳೆಯುವುದು ಒತ್ತಡವನ್ನು, ಆಳವನ್ನಲ್ಲ. ಉಪ್ಪುನೀರಿನ 30 ಮೀಟರ್ ಒತ್ತಡವನ್ನೇ ಸಿಹಿನೀರು ಅಂತ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 31 ಮೀಟರ್ ಆಗುತ್ತದೆ.

ಎಲ್ಲ ಸರಿ ಅನಿಸಿದ ಮೇಲೆ ಟ್ಯಾಬ್ ಅಪ್‌ಡೇಟ್ ಮಾಡಿ, ಸಿಂಕ್ ಮಾಡಿ. ಸರಿಯಿಲ್ಲದಿದ್ದರೆ ಆ್ಯಪ್ ಮಾಡಿದವರಿಗೆ ಬರೆಯಿರಿ. ಆ್ಯಪ್‌ನ ಆವೃತ್ತಿ, ಫೋನಿನ ಮಾಡೆಲ್, ಡೈವ್ ಕಂಪ್ಯೂಟರ್‌ನ ಮಾಡೆಲ್ ಮೂರನ್ನೂ ಹೇಳಿ. ‘ಕೆಲಸ ಮಾಡ್ತಿಲ್ಲ’ ಅಂತ ಮಾತ್ರ ಬರೆದರೆ ಅವರಿಗೂ ಏನೂ ಮಾಡಲಾಗದು.

ಆ್ಯಪ್ ಜತೆಗೇ ಡೈವ್ ಕಂಪ್ಯೂಟರ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಕೂಡ ಅಪ್‌ಡೇಟ್ ಮಾಡಿ ಅಂತ ಕೇಳಿದರೆ ಅವತ್ತೇ ಮಾಡಬೇಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ಹಾಗೆ ಮಾಡಿದಾಗ, ದೇಹದಲ್ಲಿ ಎಷ್ಟು ಸಾರಜನಕ ಉಳಿದಿದೆ ಅನ್ನುವ ಲೆಕ್ಕ ಅಳಿಸಿಹೋಗುತ್ತದೆ. ಎರಡು ಡೈವ್‌ಗಳ ನಡುವೆ ಹಾಗಾದರೆ, ಮುಂದಿನ ಡೈವ್‌ಗೆ ಅದು ನಿಮ್ಮನ್ನು ಈಚೆಗೆ ಡೈವ್ ಮಾಡಿಯೇ ಇಲ್ಲದವರಂತೆ ನೋಡುತ್ತದೆ. ಕೆಲವು ದಿನ ಡೈವ್ ಇಲ್ಲದಾಗ, ಮನೆಯಲ್ಲಿ ಕೂತು ಮಾಡಿ.

ಹಳೇ ಬ್ಯಾಕಪ್ ಫೈಲ್‌ಗಳನ್ನು ಈಗಲೇ ಅಳಿಸಬೇಡಿ. ಹೊಸ ಆವೃತ್ತಿಯಲ್ಲಿ ಮುಂದಿನ ಡೈವ್ ಸರಿಯಾಗಿ ಇಳಿದು, ಅದರ ಟಿಪ್ಪಣಿ ಬರೆದು, ಮತ್ತೊಂದು ಎಕ್ಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವವರೆಗೆ ಅವು ಇರಲಿ.