ಕೇಂದ್ರದ ಸಮ್ಮಿಶ್ರ ಸಂಪುಟದ ರಚನೆ, ಪುನಾರಚನೆಯನ್ನು ಅರಿಯುವ ಕ್ರಮ

ದೆಹಲಿಯಲ್ಲಿ ಸಮ್ಮಿಶ್ರ ಸರ್ಕಾರ ರಚನೆಯಾಗುವ ದಿನಗಳಲ್ಲಿ ಯಾರಿಗೆ ಕರೆ ಬಂತು, ಯಾರು ಮುನಿಸಿಕೊಂಡರು, ಯಾರು ಯಾವ ಖಾತೆಗೆ ಪಟ್ಟು ಹಿಡಿದಿದ್ದಾರೆ ಎಂಬ ಊಹೆಗಳೇ ಸುದ್ದಿಯನ್ನು ತುಂಬಿಕೊಳ್ಳುತ್ತವೆ. ಪ್ರಮಾಣವಚನದ ಮರುದಿನಕ್ಕೆ ಅವುಗಳಲ್ಲಿ ಹೆಚ್ಚಿನವು ಬೆಲೆ ಕಳೆದುಕೊಂಡಿರುತ್ತವೆ. ಪಕ್ಷಗಳ ನಡುವೆ ನಿಜವಾಗಿ ಆದ ಒಪ್ಪಂದವೇನು ಎಂಬುದನ್ನು ತಿಳಿಯಲು ಒಳಮನೆಯ ಸುದ್ದಿ ಬೇಕಾಗಿಲ್ಲ. ಲೋಕಸಭೆಯ ಬಲಾಬಲ, ಮಿತ್ರಪಕ್ಷಗಳ ಬೆಂಬಲ ಪತ್ರ, ಪ್ರಮಾಣವಚನದ ಪಟ್ಟಿ, ಖಾತೆ ಹಂಚಿಕೆಯ ಪ್ರಕಟಣೆ ಮತ್ತು ಸಂಪುಟ ಸಮಿತಿಗಳ ಪಟ್ಟಿಯನ್ನು ಇದೇ ಕ್ರಮದಲ್ಲಿ ಗಮನಿಸಿದರೆ, ನಾವು ಹಾಕಿದ ಮತ ಯಾರ ಕೈಯಲ್ಲಿ ಯಾವ ಅಧಿಕಾರವಾಗಿ ಸೇರಿತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಮೊದಲು ಸಂಖ್ಯೆಯನ್ನು ನೋಡಿ

543 ಸದಸ್ಯರ ಲೋಕಸಭೆಯಲ್ಲಿ ಬಹುಮತಕ್ಕೆ 272 ಸ್ಥಾನಗಳು ಬೇಕು. ದೊಡ್ಡ ಪಕ್ಷಕ್ಕೆ ಎಷ್ಟು ಕೊರತೆಯಿದೆ ಎಂಬುದನ್ನು ಮೊದಲು ಬರೆದುಕೊಂಡು, ಆನಂತರ ಪ್ರತಿ ಮಿತ್ರಪಕ್ಷವನ್ನೂ ಒಂದೊಂದಾಗಿ ಲೆಕ್ಕದಿಂದ ತೆಗೆದು ನೋಡಿ. 2024ರಲ್ಲಿ ಬಿಜೆಪಿಗೆ 240 ಸ್ಥಾನಗಳು ಬಂದವು, ಕೊರತೆ 32. ತೆಲುಗು ದೇಶಂ 16 ಮತ್ತು ಜೆಡಿಯು 12 ಸ್ಥಾನ ಪಡೆದಿದ್ದವು. ಇತರ ಮಿತ್ರಪಕ್ಷಗಳ ಸ್ಥಾನಗಳನ್ನೂ ಸೇರಿಸಿ ಎಣಿಸಿದರೆ, ಇವೆರಡೂ ಒಟ್ಟಿಗೆ ಹೊರನಡೆದರೆ ಬಹುಮತ ಉಳಿಯುತ್ತಿರಲಿಲ್ಲ, ಒಂದು ಮಾತ್ರ ಹೋದರೆ ಉಳಿಯುತ್ತಿತ್ತು. ಮಿತ್ರಪಕ್ಷದ ತೂಕವನ್ನು ಅಳೆಯಬೇಕಾದದ್ದು ಹೀಗೆ. ಅದರ ಸದಸ್ಯರ ಸಂಖ್ಯೆಯೊಂದರಿಂದಲೇ ಅದು ತಿಳಿಯುವುದಿಲ್ಲ. ಇದೇ ಲೆಕ್ಕದಲ್ಲಿ ಎರಡೇ ಸ್ಥಾನಗಳಿದ್ದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರಿಗೆ ಸಂಪುಟ ದರ್ಜೆ, ಬೃಹತ್ ಕೈಗಾರಿಕೆ ಮತ್ತು ಉಕ್ಕು ಖಾತೆಗಳು ದೊರೆತದ್ದಕ್ಕೆ ವಿವರಣೆ ಸಿಗುವುದಿಲ್ಲ. ಅದರ ಕಾರಣವನ್ನು ಕರ್ನಾಟಕದ ರಾಜಕಾರಣದಲ್ಲಿ ಹುಡುಕಬೇಕು.

ಸಂಖ್ಯೆಯ ಜೊತೆಗೆ ಬೆಂಬಲದ ಬಗೆಯನ್ನೂ ಗಮನಿಸಬೇಕು. ಸರ್ಕಾರದ ಒಳಗಿದ್ದು ಬೆಂಬಲಿಸುವ ಪಕ್ಷ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗುತ್ತದೆ. ಹೊರಗಿನಿಂದ ಬೆಂಬಲ ಕೊಡುವ ಪಕ್ಷಕ್ಕೆ ಪ್ರಭಾವವುಂಟು, ಹೊಣೆಯಿಲ್ಲ. 1996ರ ಜೂನ್ 1ರಂದು ಕರ್ನಾಟಕದ ಮುಖ್ಯಮಂತ್ರಿ ಸ್ಥಾನದಿಂದ ನೇರವಾಗಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಸಂಯುಕ್ತ ರಂಗ ಸರ್ಕಾರ ಕಾಂಗ್ರೆಸ್ಸಿನ ಬಾಹ್ಯ ಬೆಂಬಲದ ಮೇಲೆ ನಿಂತಿತ್ತು. 1997ರ ಮಾರ್ಚ್ 30ರಂದು ಕಾಂಗ್ರೆಸ್ ಆ ಬೆಂಬಲವನ್ನು ಹಿಂತೆಗೆದುಕೊಂಡಿತು; ಏಪ್ರಿಲ್ 11ರಂದು ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಬಾಹ್ಯ ಬೆಂಬಲವೆಂಬುದು ಸಮ್ಮಿಶ್ರ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ಎಂಬುದು ನನ್ನ ದೃಢ ಅಭಿಪ್ರಾಯ. ಹೊಸ ಸರ್ಕಾರವೊಂದು ಅದನ್ನು ನಂಬಿಕೊಂಡಿದ್ದರೆ, ಬೆಂಬಲ ಕೊಟ್ಟವರು ಯಾವ ಷರತ್ತನ್ನು ಬರಹದಲ್ಲಿ ಇಟ್ಟಿದ್ದಾರೆ ಎಂಬುದನ್ನು ತಪ್ಪದೆ ನೋಡಬೇಕು. 2004ರಲ್ಲಿ ಎಡಪಕ್ಷಗಳು ಕಾಂಗ್ರೆಸ್ ನೇತೃತ್ವದ ಮೈತ್ರಿಕೂಟವಾದ ಯುಪಿಎಯನ್ನು ಹೊರಗಿನಿಂದ ಬೆಂಬಲಿಸಿದಾಗ ಕನಿಷ್ಠ ಸಾಮಾನ್ಯ ಕಾರ್ಯಕ್ರಮವೆಂಬ ದಾಖಲೆ ಇತ್ತು, ಮತ್ತು ಲೋಕಸಭಾಧ್ಯಕ್ಷ ಸ್ಥಾನ ಸಿಪಿಎಂನ ಸೋಮನಾಥ ಚಟರ್ಜಿಯವರಿಗೆ ದೊರೆಯಿತು. ಸಭಾಧ್ಯಕ್ಷ ಪೀಠವನ್ನೂ ಹಂಚಿಕೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು: 1998ರಲ್ಲಿ ವಾಜಪೇಯಿ ಸರ್ಕಾರವನ್ನು ಬೆಂಬಲಿಸಿದ ತೆಲುಗು ದೇಶಂ ಪಡೆದದ್ದು ಜಿ.ಎಂ.ಸಿ. ಬಾಲಯೋಗಿಯವರಿಗೆ ಆ ಪೀಠವನ್ನು.

ಕಾನೂನಿನ ಮೇರೆಗಳು

ಸಂವಿಧಾನದ 75ನೇ ವಿಧಿಯ ಪ್ರಕಾರ ಪ್ರಧಾನಿಯ ಸಲಹೆಯಂತೆ ರಾಷ್ಟ್ರಪತಿಯವರು ಸಚಿವರನ್ನು ನೇಮಿಸುತ್ತಾರೆ. 2003ರ 91ನೇ ತಿದ್ದುಪಡಿಯ ಬಳಿಕ ಪ್ರಧಾನಿಯೂ ಸೇರಿ ಸಚಿವರ ಒಟ್ಟು ಸಂಖ್ಯೆ ಲೋಕಸಭೆಯ ಸದಸ್ಯಬಲದ ಶೇ 15ನ್ನು, ಅಂದರೆ 81ನ್ನು ಮೀರುವಂತಿಲ್ಲ. ಸಂಸತ್ತಿನ ಸದಸ್ಯರಲ್ಲದವರು ಸಚಿವರಾಗಬಹುದು, ಆದರೆ ಆರು ತಿಂಗಳೊಳಗೆ ಯಾವುದಾದರೊಂದು ಸದನಕ್ಕೆ ಆಯ್ಕೆಯಾಗಬೇಕು. ಪ್ರಧಾನಿಗೂ ಇದೇ ನಿಯಮ, ದೇವೇಗೌಡರು ಪ್ರಮಾಣವಚನದ ನಂತರವೇ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. 81ರಿಂದ ಹಾಲಿ ಸಚಿವರ ಸಂಖ್ಯೆಯನ್ನು ಕಳೆದು ಉಳಿಯುವ ಅಂಕಿಯನ್ನು ಬರೆದಿಟ್ಟುಕೊಳ್ಳಿ. 2024ರ ಜೂನ್ 9ರಂದು ಪ್ರಧಾನಿ ಸೇರಿ 72 ಮಂದಿ ಪ್ರಮಾಣವಚನ ಸ್ವೀಕರಿಸಿದರು, 9 ಸ್ಥಾನಗಳು ಉಳಿದವು. ಖಾಲಿ ಉಳಿಸಿದ ಸ್ಥಾನಗಳೂ ಮುಂದಿನ ಮಾತುಕತೆಗೆ ಇರಿಸಿಕೊಂಡ ಬಂಡವಾಳವೇ.

ಪ್ರಮಾಣವಚನದ ಪಟ್ಟಿ ಬೇರೆ, ಖಾತೆಗಳ ಪಟ್ಟಿ ಬೇರೆ

ಈ ಎರಡನ್ನೂ ಒಂದೇ ಎಂದು ಭಾವಿಸಬಾರದು. ಪ್ರಮಾಣವಚನದ ಪಟ್ಟಿ ದರ್ಜೆಯನ್ನು ಹೇಳುತ್ತದೆ: ಸಂಪುಟ ದರ್ಜೆ ಸಚಿವರು, ಸ್ವತಂತ್ರ ಹೊಣೆಯ ರಾಜ್ಯ ಸಚಿವರು, ರಾಜ್ಯ ಸಚಿವರು. ಸಂಪುಟ ಸಭೆಯಲ್ಲಿ ಸಹಜವಾಗಿ ಕೂರುವವರು ಮೊದಲ ಗುಂಪಿನವರು ಮಾತ್ರ. ಉಳಿದವರು ತಮ್ಮ ಇಲಾಖೆಯ ವಿಷಯ ಬಂದಾಗ ಆಹ್ವಾನದ ಮೇರೆಗೆ ಹೋಗುತ್ತಾರೆ. ಆದ್ದರಿಂದಲೇ ದರ್ಜೆಯ ಬಗ್ಗೆ ಪಕ್ಷಗಳು ಅಷ್ಟು ಕಟ್ಟುನಿಟ್ಟಾಗಿರುತ್ತವೆ. 2019ರಲ್ಲಿ ಒಂದೇ ಸ್ಥಾನದ ಸಾಂಕೇತಿಕ ಪ್ರಾತಿನಿಧ್ಯ ಬೇಡವೆಂದು ಜೆಡಿಯು ಸಂಪುಟದಿಂದ ಹೊರಗುಳಿದು, 2021ರ ಜುಲೈನಲ್ಲಿ ಸೇರಿತು. 2024ರಲ್ಲಿ ಅಜಿತ್ ಪವಾರ್ ಬಣದ ಎನ್‌ಸಿಪಿ, ಹಿಂದೆ ಸಂಪುಟ ದರ್ಜೆಯಲ್ಲಿದ್ದ ಪ್ರಫುಲ್ ಪಟೇಲರಿಗೆ ಸ್ವತಂತ್ರ ಹೊಣೆಯ ರಾಜ್ಯ ಸಚಿವ ಸ್ಥಾನ ಬೇಡವೆಂದಿತು. ಪಟ್ಟಿಯಲ್ಲಿ ಇರಬೇಕಾಗಿದ್ದ ಪಕ್ಷವೊಂದು ಕಾಣದಿದ್ದರೆ ಅಲ್ಲಿ ಮಾತುಕತೆ ಮುಗಿದಿಲ್ಲವೆಂದು ತಿಳಿಯಬೇಕು. 2009ರ ಮೇ 22ರಂದು ಮನಮೋಹನ್ ಸಿಂಗ್ ಅವರ ಎರಡನೆಯ ಸರ್ಕಾರದ ಮೊದಲ ಪ್ರಮಾಣವಚನದಲ್ಲಿ ಡಿಎಂಕೆ ಇರಲಿಲ್ಲ. ಮೇ 28ರ ವಿಸ್ತರಣೆಯಲ್ಲಿ ಸೇರಿಕೊಂಡಿತು.

ಖಾತೆಗಳ ಪ್ರಕಟಣೆ ಸಾಮಾನ್ಯವಾಗಿ ಅನಂತರ ಹೊರಬರುತ್ತದೆ. ಅದನ್ನು ಓದುವಾಗ ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಈ ನಾಲ್ಕರ ಮೇಲೆ ಮೊದಲು ಕಣ್ಣಿಡಿ, ಏಕೆಂದರೆ ಪ್ರಧಾನಿಯೊಡನೆ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯಲ್ಲಿ ಕೂರುವವರು ಈ ಖಾತೆಗಳ ಸಚಿವರು. ವಾಜಪೇಯಿಯವರ ಕಾಲದಲ್ಲಿ ಸಮತಾ ಪಕ್ಷದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದರು. ದೇವೇಗೌಡರ ಸಂಪುಟದಲ್ಲಿ ಗೃಹ ಖಾತೆ ಸಿಪಿಐನ ಇಂದ್ರಜಿತ್ ಗುಪ್ತರ ಬಳಿ, ರಕ್ಷಣೆ ಮುಲಾಯಂ ಸಿಂಗ್ ಯಾದವರ ಬಳಿ, ಹಣಕಾಸು ತಮಿಳ್ ಮಾನಿಲ ಕಾಂಗ್ರೆಸ್ಸಿನ ಪಿ. ಚಿದಂಬರಂ ಬಳಿ ಇದ್ದವು. ಅಧಿಕಾರವನ್ನು ಅಷ್ಟು ಆಳವಾಗಿ ಹಂಚಿಕೊಂಡ ಕೇಂದ್ರ ಸರ್ಕಾರಗಳು ವಿರಳ. 2024ರಲ್ಲಿ ಈ ನಾಲ್ಕೂ ಬಿಜೆಪಿಯಲ್ಲೇ ಉಳಿದವು. ತೆಲುಗು ದೇಶಂನ ಕೆ. ರಾಮಮೋಹನ ನಾಯ್ಡು ಅವರಿಗೆ ನಾಗರಿಕ ವಿಮಾನಯಾನ, ಲೋಕ ಜನಶಕ್ತಿಯ ಚಿರಾಗ್ ಪಾಸ್ವಾನರಿಗೆ ಆಹಾರ ಸಂಸ್ಕರಣೆ ದೊರೆತವು.

ನಾಲ್ಕರ ಆಚೆಗೆ ಮಿತ್ರಪಕ್ಷಗಳ ಬಲವನ್ನು ತೋರಿಸುವ ಖಾತೆಯೆಂದರೆ ರೈಲ್ವೆ. ದೇಶದ ಮೂಲೆಮೂಲೆಗೆ ಹೊಸ ಮಾರ್ಗ, ಹೊಸ ಗಾಡಿ, ನೇಮಕಾತಿ ಕೊಡಬಲ್ಲ ಈ ಇಲಾಖೆಗೆ 2016ರವರೆಗೆ ಪ್ರತ್ಯೇಕ ಮುಂಗಡಪತ್ರವೂ ಇತ್ತು. ಸಚಿವರು ತಮ್ಮ ರಾಜ್ಯಕ್ಕೆ ಮಾಡಿದ್ದನ್ನು ಸಂಸತ್ತಿನಲ್ಲಿ ತಾವೇ ಓದಿ ಹೇಳಬಹುದಾಗಿತ್ತು. 1998ರಿಂದ 2012ರವರೆಗೆ, ನಡುನಡುವೆ ಸ್ವಲ್ಪ ಕಾಲ ಬಿಟ್ಟರೆ, ನಿತೀಶ್ ಕುಮಾರ್, ಮಮತಾ ಬ್ಯಾನರ್ಜಿ, ಮತ್ತೆ ನಿತೀಶ್, ಲಾಲು ಪ್ರಸಾದ್, ಮತ್ತೆ ಮಮತಾ, ದಿನೇಶ್ ತ್ರಿವೇದಿ, ಮುಕುಲ್ ರಾಯ್ ಎಂದು ಅದು ಮಿತ್ರಪಕ್ಷಗಳ ಕೈಯಲ್ಲೇ ಸಾಗಿತು. ಬಿಜೆಪಿ ನೇತೃತ್ವದ ಎನ್‌ಡಿಎ, ಯುಪಿಎ ಎಂಬ ಭೇದವಿರಲಿಲ್ಲ. 2014ರಲ್ಲಿ ಬಿಜೆಪಿಗೆ ಸ್ವಂತ ಬಹುಮತ ಬಂದಾಗ ರೈಲ್ವೆ ಆ ಪಕ್ಷದವರೇ ಆದ ಕರ್ನಾಟಕದ ಡಿ.ವಿ. ಸದಾನಂದ ಗೌಡರಿಗೆ ಹೋಯಿತು. 2024ರಲ್ಲಿ ಬಹುಮತ ತಪ್ಪಿದರೂ ಅದು ಅಶ್ವಿನಿ ವೈಷ್ಣವ್ ಅವರ ಬಳಿಯೇ ಉಳಿಯಿತು. ಮಿತ್ರಪಕ್ಷಗಳ ಕೈ ಹಿಂದಿನಷ್ಟು ಮೇಲಾಗಿಲ್ಲವೆಂದು ಹೇಳಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ಕಾಣುವುದಿಲ್ಲ.

ಖಾತೆಯ ಹೆಸರೊಂದೇ ನೋಡಿದರೆ ಸಾಲದು. ಯಾವ ಕೆಲಸ ಯಾವ ಸಚಿವಾಲಯಕ್ಕೆ ಸೇರಿದ್ದೆಂಬುದು 1961ರ ಕಾರ್ಯ ಹಂಚಿಕೆ ನಿಯಮಗಳಲ್ಲಿದೆ, ಅವು ಆಗಾಗ ತಿದ್ದುಪಡಿಯಾಗುತ್ತವೆ. 2021ರ ಜುಲೈ ತಿಂಗಳ ಪುನಾರಚನೆಯ ಹೊತ್ತಿನಲ್ಲಿ ಸಹಕಾರವನ್ನು ಕೃಷಿಯಿಂದ ಬೇರ್ಪಡಿಸಿ ಹೊಸ ಸಚಿವಾಲಯ ಮಾಡಿ ಅಮಿತ್ ಶಾ ಅವರಿಗೆ ವಹಿಸಲಾಯಿತು. ಕೃಷಿ ಸಚಿವರ ಬದಲಾವಣೆಯಾಗದೆಯೇ ಆ ಖಾತೆಯ ವ್ಯಾಪ್ತಿ ಕಿರಿದಾಯಿತು.

ಪುನಾರಚನೆ ಬಂದಾಗ

ಪುನಾರಚನೆ ಎಂಬ ಒಂದೇ ಮಾತಿನ ಕೆಳಗೆ ಬೇರೆಬೇರೆ ಕ್ರಿಯೆಗಳು ಅಡಗಿರುತ್ತವೆ. ಹೊಸಬರು ಸೇರಿದರೆ ವಿಸ್ತರಣೆ. ಇದ್ದವರ ಖಾತೆ ಬದಲಾದರೆ ಅದಕ್ಕೆ ಪ್ರಮಾಣವಚನ ಬೇಕಿಲ್ಲ. ರಾಜ್ಯ ಸಚಿವರು ಸಂಪುಟ ದರ್ಜೆಗೆ ಬಡ್ತಿ ಪಡೆದರೆ ಮತ್ತೆ ಪ್ರಮಾಣವಚನ ಸ್ವೀಕರಿಸುತ್ತಾರೆ. 2021ರ ಜುಲೈ 7ರಂದು ಪ್ರಮಾಣವಚನ ಸ್ವೀಕರಿಸಿದ 43 ಮಂದಿಯಲ್ಲಿ 36 ಮಂದಿ ಹೊಸಬರು, ಉಳಿದವರು ಬಡ್ತಿ ಪಡೆದವರು. ಸದಾನಂದ ಗೌಡರೂ ಸೇರಿ 12 ಮಂದಿ ಹೊರಹೋದರು. ಆದ್ದರಿಂದ ಹೊರಹೋದವರು, ಒಳಬಂದವರು, ಏರಿದವರು, ಖಾತೆ ಕಳೆದುಕೊಂಡವರು ಎಂದು ನಾಲ್ಕು ಪಟ್ಟಿಗಳನ್ನು ಪ್ರತ್ಯೇಕವಾಗಿ ಮಾಡಿಕೊಂಡು, ಪ್ರತಿ ಹೆಸರಿನ ಮುಂದೆ ಪಕ್ಷವನ್ನೂ ರಾಜ್ಯವನ್ನೂ ಬರೆಯಬೇಕು.

ಸಮ್ಮಿಶ್ರ ಸರ್ಕಾರದಲ್ಲಿ ಮಿತ್ರಪಕ್ಷದ ಸಚಿವರು ಹೊರಹೋದಾಗ ತೆರವಾದ ಸ್ಥಾನ ಯಾರಿಗೆ ಹೋಯಿತು ಎಂಬುದು ಮುಖ್ಯ ಪ್ರಶ್ನೆ. 2012ರ ಮಾರ್ಚ್ 14ರಂದು ತೃಣಮೂಲ ಕಾಂಗ್ರೆಸ್ಸಿನ ದಿನೇಶ್ ತ್ರಿವೇದಿ ರೈಲ್ವೆ ಮುಂಗಡಪತ್ರದಲ್ಲಿ ಪ್ರಯಾಣ ದರ ಏರಿಸಿದರು. ಅವರನ್ನು ಬದಲಿಸಬೇಕೆಂದು ಕೇಳಿದವರು ಅವರದೇ ಪಕ್ಷದ ನಾಯಕಿ ಮಮತಾ ಬ್ಯಾನರ್ಜಿ. ಕೆಲವೇ ದಿನಗಳಲ್ಲಿ ಅದೇ ಪಕ್ಷದ ಮುಕುಲ್ ರಾಯ್ ಆ ಸ್ಥಾನಕ್ಕೆ ಬಂದರು. ಸಂವಿಧಾನದ ಪ್ರಕಾರ ಸಚಿವರ ಆಯ್ಕೆ ಪ್ರಧಾನಿಯ ಪರಮಾಧಿಕಾರ. ವ್ಯವಹಾರದಲ್ಲಿ ಮಿತ್ರಪಕ್ಷದ ಪಾಲಿನ ಸ್ಥಾನಕ್ಕೆ ಹೆಸರು ಸೂಚಿಸುವವರು ಆ ಪಕ್ಷದ ಅಧ್ಯಕ್ಷರು. ಸಂಸತ್ತಿನ ಮುಂದೆ ಮುಂಗಡಪತ್ರವಿಟ್ಟ ಸಚಿವರನ್ನು ಸದನದಲ್ಲಿಲ್ಲದ ನಾಯಕರೊಬ್ಬರ ಮಾತಿಗೆ ಬದಲಿಸಿದ್ದು ಸಾಮೂಹಿಕ ಹೊಣೆಗಾರಿಕೆಗೆ ಬಿದ್ದ ದೊಡ್ಡ ಪೆಟ್ಟೆಂದೇ ನಾನು ತಿಳಿಯುತ್ತೇನೆ.

ಸ್ಥಾನ ಅದೇ ಪಕ್ಷಕ್ಕೆ ಮರಳದಿದ್ದರೆ ಮೈತ್ರಿಯೇ ಸಡಿಲವಾಗುತ್ತಿದೆ ಎಂದರ್ಥ. 2018ರ ಮಾರ್ಚ್‌ನಲ್ಲಿ ತೆಲುಗು ದೇಶಂನ ಇಬ್ಬರು ಸಚಿವರು ಮೊದಲು ರಾಜೀನಾಮೆ ಕೊಟ್ಟರು, ಸುಮಾರು ಒಂದು ವಾರದ ಬಳಿಕ ಪಕ್ಷ ಎನ್‌ಡಿಎಯನ್ನೇ ತೊರೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಮಸೂದೆಗಳನ್ನು ವಿರೋಧಿಸಿ ಅಕಾಲಿ ದಳದ ಹರ್‌ಸಿಮ್ರತ್ ಕೌರ್ ಬಾದಲ್ ಹೊರಬಂದಾಗ ಆಹಾರ ಸಂಸ್ಕರಣೆ ಖಾತೆಯನ್ನು ಬಿಜೆಪಿಯ ನರೇಂದ್ರ ಸಿಂಗ್ ತೋಮರ್ ಅವರಿಗೆ ಹೆಚ್ಚುವರಿ ಹೊಣೆಯಾಗಿ ಕೊಡಲಾಯಿತು. ಅದೇ ತಿಂಗಳು ಅಕಾಲಿ ದಳವೂ ಹೊರನಡೆಯಿತು.

ಪ್ರಧಾನಿಯೇ ರಾಜೀನಾಮೆ ಕೊಟ್ಟರೆ ಇಡೀ ಸಚಿವ ಮಂಡಳಿ ಹೋಗುತ್ತದೆ, ಆದರೆ ಒಪ್ಪಂದ ಉಳಿದಿದ್ದರೆ ಅದೇ ಮುಖಗಳು ಮರಳುತ್ತವೆ. 1997ರ ಏಪ್ರಿಲ್ 21ರಂದು ಐ.ಕೆ. ಗುಜ್ರಾಲ್ ಪ್ರಧಾನಿಯಾದಾಗ ದೇವೇಗೌಡರ ಸಂಪುಟದ ಬಹುತೇಕರು ಮುಂದುವರಿದರು. ತಮಿಳ್ ಮಾನಿಲ ಕಾಂಗ್ರೆಸ್ ಮಾತ್ರ ಮೊದಲು ದೂರ ನಿಂತಿತು, ಮೇ 1ರಂದು ಚಿದಂಬರಂ ಹಣಕಾಸಿಗೆ ಹಿಂದಿರುಗಿದರು.

ಕೊನೆಯದಾಗಿ ನೋಡಬೇಕಾದದ್ದು ಸಂಪುಟ ಸಮಿತಿಗಳ ಪಟ್ಟಿ. ಇದು ಪ್ರಮಾಣವಚನದ ಗದ್ದಲವೆಲ್ಲ ಅಡಗಿದ ಮೇಲೆ ಹೊರಬರುವುದರಿಂದ ಹೆಚ್ಚಿನವರು ಗಮನಿಸುವುದೇ ಇಲ್ಲ. ದೊಡ್ಡ ಯೋಜನೆ, ಬೆಂಬಲ ಬೆಲೆ, ಬಂಡವಾಳದ ನಿರ್ಧಾರಗಳು ಬರುವುದು ಆರ್ಥಿಕ ವ್ಯವಹಾರಗಳ ಸಮಿತಿಯ ಮುಂದೆ. 2024ರ ಜುಲೈನಲ್ಲಿ ಆ ಸಮಿತಿಯಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಮತ್ತು ಜೆಡಿಯುನ ರಾಜೀವ್ ರಂಜನ್ ಸಿಂಗ್ ಅವರಿಗೆ ಸ್ಥಾನ ಸಿಕ್ಕಿತು. ಭದ್ರತಾ ಸಮಿತಿಯಲ್ಲಿ ಯಾವ ಮಿತ್ರಪಕ್ಷಕ್ಕೂ ಸ್ಥಾನವಿರಲಿಲ್ಲ. ಮುಂದಿನ ಪುನಾರಚನೆಯ ನಂತರ ಈ ಎರಡು ಸಮಿತಿಗಳ ಹೊಸ ಪಟ್ಟಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ.